ಸ್ವಲ್ಪ ಕಾಲ ಸ್ಯಾಂಕ್ಷನ್ ನಿಲ್ಲಲಿ

ಮನೆ, ಅಪಾರ್ಟ್‌ಮೆಂಟ್‌ಗಳಿಗೆ ಪ್ಲಾನ್ ಬರೆದು ಸ್ಯಾಂಕ್ಷನ್ ಮಾಡಿಸಿಕೊಡುವುದು ನನ್ನ ಕಸುಬು. ಗಿರಾಕಿಗಳು ಹೆಚ್ಚಾಗಿ ಬೆಂಗಳೂರಿನ ವರ್ತೂರು, ಗುಂಜೂರು ಕಡೆಯವರು. ಪರವಾನಗಿ ನಿಂತರೆ ಮೊದಲ ಪೆಟ್ಟು ಬೀಳುವುದು ನನಗೇ. ಆದರೂ ಹೇಳುತ್ತೇನೆ: ನಗರದ ಹೊರವಲಯದಲ್ಲಿ ಅಪಾರ್ಟ್‌ಮೆಂಟು, ದೊಡ್ಡ ಬಡಾವಣೆಗಳಿಗೆ ಹೊಸ ಪರವಾನಗಿಯನ್ನು ಒಂದೂವರೆ ವರ್ಷ ತಡೆಹಿಡಿದು, ಅಷ್ಟರೊಳಗೆ ಮಾಸ್ಟರ್ ಪ್ಲಾನ್ ಮುಗಿಸಬೇಕು.

ನಮ್ಮ ಮೇಜಿಗೆ ಬರುವ ಕಡತ ಸಾಮಾನ್ಯವಾಗಿ ಹೀಗಿರುತ್ತದೆ: ಭೂಪರಿವರ್ತನೆಯಾದ ಎರಡು ಎಕರೆ ರಾಗಿ ಹೊಲ. ಅಲ್ಲಿಗೆ ಹೋಗುವ ದಾರಿ, ಎರಡೂ ಕಡೆಯವರು ಒಂದಿಷ್ಟು ಜಾಗ ಬಿಟ್ಟು ಅಗಲ ಮಾಡಿದ ಹಳೆಯ ಬಂಡಿ ಜಾಡು. ನೀರಿಗೆ ಬೋರ್‌ವೆಲ್, ಅದು ಕೈಕೊಟ್ಟರೆ ಟ್ಯಾಂಕರ್. ಸಂಸ್ಕರಿಸಿದ ಕೊಳಚೆ ನೀರನ್ನು ಚರಂಡಿಗೆ ಬಿಡುತ್ತೇವೆ ಎಂದು ಪ್ಲಾನಿನಲ್ಲಿರುತ್ತದೆ; ಸ್ಥಳದಲ್ಲಿ ಚರಂಡಿಯೇ ಇರುವುದಿಲ್ಲ. ಸೆಟ್‌ಬ್ಯಾಕ್ ಸರಿ, ಎತ್ತರ ಸರಿ, ಕಡತ ಪಾಸು. ಪಕ್ಕದ ಸರ್ವೆ ನಂಬರಿನದೂ ಪಾಸು. ಒಂದೊಂದನ್ನೂ ಬೇರೆಬೇರೆಯಾಗಿ ನೋಡಿದರೆ ತಪ್ಪು ಸಿಗದು. ಹತ್ತು ಕಡತಗಳನ್ನು ಒಟ್ಟಿಗೆ ಹರಡಿ, ಇಷ್ಟು ಜನರಿಗೆ ದಾರಿ ಎಲ್ಲಿ, ಮಳೆನೀರು ಯಾವ ಕೆರೆಗೆ ಎಂದು ಕೇಳುವವರಿಲ್ಲ.

ಕೇಳಬೇಕಾದದ್ದು ಮಾಸ್ಟರ್ ಪ್ಲಾನ್. 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಲೆಕ್ಕ ಹಾಕಿದ್ದ ಯೋಜನೆಯನ್ನೇ ನಗರ ಆ ಗಡುವು ದಾಟಿದ ಮೇಲೂ ನೆಚ್ಚಿಕೊಂಡಿತು. 2031ರ ಕರಡು 2017ರಲ್ಲಿ ಬಂತು, 2020ರಲ್ಲಿ ಸರ್ಕಾರ ಅದನ್ನು ಹಿಂಪಡೆಯಿತು. ಹೊಸ ಕರಡು ತಯಾರಾಗುವಾಗಲೂ ಸ್ಯಾಂಕ್ಷನ್ ನಿಲ್ಲುವುದಿಲ್ಲ. ಮಾಸ್ಟರ್ ಪ್ಲಾನಿನ ರಸ್ತೆಗೆ ಗೆರೆ ಎಳೆಯುವ ಹೊತ್ತಿಗೆ ಅಲ್ಲಿ ಪಿಲ್ಲರ್ ಎದ್ದಿರುತ್ತದೆ. ಆಮೇಲೆ ರಸ್ತೆಯನ್ನೇ ಸೊಟ್ಟ ಮಾಡಬೇಕು, ಇಲ್ಲವೇ ಸಾಲ ಮಾಡಿ ಫ್ಲಾಟ್ ಕೊಂಡವರು ಕಚೇರಿ ಅಲೆಯಬೇಕು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಕಟ್ಟಡ ಮೊದಲು, ನೀರು ಹದಿನೇಳು ವರ್ಷದ ಮೇಲೆ.

2019ರಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರು ನೀರಿನ ಅಭಾವದ ಕಾರಣಕ್ಕೆ ಐದು ವರ್ಷ ಹೊಸ ಅಪಾರ್ಟ್‌ಮೆಂಟ್ ಬೇಡವೆನ್ನುವ ಮಾತೆತ್ತಿದ್ದರು. ಬಿಲ್ಡರುಗಳು ವಿರೋಧಿಸಿದರು, ಮಾತು ಅಲ್ಲಿಗೇ ನಿಂತಿತು. ಐದು ವರ್ಷವೆಂಬುದು ನನಗೂ ಒಪ್ಪಿಗೆಯಿಲ್ಲ. ತಡೆ ಉದ್ದವಾದಷ್ಟೂ ನಕ್ಷೆ ಮಾಡುವವರು ನಿದ್ದೆಹೋಗುತ್ತಾರೆ. ಪೆರಿಫೆರಲ್ ರಿಂಗ್ ರೋಡಿಗೆ ಗುರುತಾದ ಜಮೀನಿನ ರೈತರನ್ನು ಕೇಳಿ: 2007ರಲ್ಲಿ ಅಂತಿಮ ಅಧಿಸೂಚನೆ ಬಂದ ಮೇಲೆ ವರ್ಷಗಟ್ಟಲೆ ಪರಿಹಾರವೂ ಇಲ್ಲ, ಮನೆ ಕಟ್ಟುವಂತೆಯೂ ಇಲ್ಲ. ತಡೆಗೆ ಕೊನೆಯ ದಿನ ಇರದಿದ್ದರೆ ಆಗುವುದು ಇದೇ.

ಕೊನೆಯಿರುವ ತಡೆಯ ಮಾತೇ ಬೇರೆ. ಅಮೆರಿಕದ ಟಾಹೋ ಸರೋವರದ ದಂಡೆಯಲ್ಲಿ ಯೋಜನೆ ಸಿದ್ಧವಾಗುವ ತನಕ 32 ತಿಂಗಳು ನಿರ್ಮಾಣ ನಿಲ್ಲಿಸಿದ್ದರು. ಇಂಥ ತಾತ್ಕಾಲಿಕ ತಡೆ ತನ್ನಷ್ಟಕ್ಕೇ ಆಸ್ತಿ ಕಸಿದುಕೊಂಡಂತೆ ಅಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು.

ಗಾರೆ ಕೆಲಸದವರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಈಗಾಗಲೇ ಸ್ಯಾಂಕ್ಷನ್ ಆದ ಕಟ್ಟಡಗಳ ಕೆಲಸ ನಡೆಯಲಿ. ಮೂವತ್ತು-ನಲವತ್ತರ ಸ್ವಂತ ಸೈಟಿನಲ್ಲಿ ಮನೆ ಕಟ್ಟುವವರಿಗೆ, ಶಾಲೆ, ಆಸ್ಪತ್ರೆಗೆ ತಡೆ ಬೇಡ. ಕದ್ದು ಕಟ್ಟುವವರು ಹೆಚ್ಚುತ್ತಾರೆ ಎಂಬ ಭಯಕ್ಕೆ ಮದ್ದೂ ಇದೆ: ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಎಂದು ನಮ್ಮ ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಿದೆ.

ಕೊನೆಯ ದಿನಾಂಕವನ್ನು ತಡೆಯ ಆದೇಶದಲ್ಲೇ ಬರೆಯಿರಿ. ಮೊದಲ ಆರು ತಿಂಗಳಲ್ಲಿ ರಾಜಕಾಲುವೆ, ಕೆರೆ, ರಸ್ತೆಗಳ ಗಡಿ ಗುರುತಿಸಿ ಕಲ್ಲು ನೆಡಿ; ವಾರ್ಡುವಾರು ನಕ್ಷೆಯನ್ನು ಕನ್ನಡದಲ್ಲಿ ಗೋಡೆಗೆ ಹಾಕಿ, ತಕರಾರು ಕೇಳಿ. ಗಡುವಿನೊಳಗೆ ಮುಗಿಸದಿದ್ದರೆ ತಡೆ ತಾನಾಗಿ ತೆರವಾಗಲಿ, ವಿಳಂಬಕ್ಕೆ ಹೊಣೆ ಯಾರೆಂದು ಸರ್ಕಾರ ಹೆಸರಿಸಲಿ. ಈ ಷರತ್ತುಗಳಿದ್ದರೆ ಒಂದೂವರೆ ವರ್ಷದ ಸಂಪಾದನೆ ಬಿಡಲು ನಾನು ತಯಾರು.