‘ಹ್ಯಾಂಗ್’ ಅಂದರೆ ಯಾವ ಹ್ಯಾಂಗ್?

ದೂರದರ್ಶನದ ಕಾಲದಲ್ಲಿ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದವರಿಗೆ ಕೆಳಗಿನಿಂದ ಬರುತ್ತಿದ್ದ ವರದಿ ಬಹಳ ಖಚಿತವಾಗಿರುತ್ತಿತ್ತು. ‘ಚುಕ್ಕಿ ಜಾಸ್ತಿ ಆಯ್ತು’, ‘ನೆರಳು ಬೀಳ್ತಿದೆ, ಒಬ್ಬರು ಇಬ್ಬರಾಗಿ ಕಾಣ್ತಿದ್ದಾರೆ’, ‘ಚಿತ್ರ ಮೇಲಕ್ಕೆ ಉರುಳ್ತಾ ಇದೆ’. ಚುಕ್ಕಿಗೆ ಕಾರಣ ಬಡಕಲು ಸಿಗ್ನಲ್. ನೆರಳಿಗೆ ಕಾರಣ ಎದುರಿನ ಕಟ್ಟಡಕ್ಕೋ ಗುಡ್ಡಕ್ಕೋ ಬಡಿದು ತುಸು ತಡವಾಗಿ ಬರುವ ಅದೇ ಸಿಗ್ನಲ್. ಉರುಳುವುದಕ್ಕೆ ಟಿ.ವಿ.ಯಲ್ಲೇ ಒಂದು ತಿರುಗಣೆ ಇತ್ತು, ಮಾಳಿಗೆ ಹತ್ತುವ ಅಗತ್ಯವೇ ಇರಲಿಲ್ಲ. ಇದನ್ನೆಲ್ಲ ಯಾರೂ ಪುಸ್ತಕ ಓದಿ ಕಲಿತದ್ದಲ್ಲ. ಮೂರು ತೊಂದರೆಗೆ ಮೂರು ಮಾತು ಇದ್ದುದರಿಂದ ಕೈ ಸರಿಯಾದ ಜಾಗಕ್ಕೆ ಹೋಗುತ್ತಿತ್ತು.

ಈಗ ಮೇಜಿನ ಮೇಲೆ ಒಂದಲ್ಲ ಎರಡು ಪರದೆಗಳಿವೆ, ಮಾತು ಮಾತ್ರ ಒಂದಕ್ಕೆ ಇಳಿದಿದೆ: ‘ಹ್ಯಾಂಗ್ ಆಗ್ತಿದೆ’. ವಯಸ್ಸಿನಲ್ಲಿ ಸ್ವಲ್ಪ ಚಿಕ್ಕವರಾದರೆ ‘ಸ್ಟಕ್ ಆಗ್ತಿದೆ’. ಈ ಬಡತನಕ್ಕೆ ಜನ ಕಾಸು ಕೊಟ್ಟು ದಂಡ ತೆರುತ್ತಿದ್ದಾರೆ.

ಪುಣೆಯಲ್ಲೋ ಹೈದರಾಬಾದಿನಲ್ಲೋ ಮನೆಯಿಂದಲೇ ಸಬ್‌ಟೈಟಲ್ ಮಾಡುವ ಒಬ್ಬಾಕೆಯನ್ನು ಊಹಿಸಿಕೊಳ್ಳಬಹುದು. ಸಂಬಳವಿಲ್ಲ, ವಿಡಿಯೋದ ನಿಮಿಷಕ್ಕೆ ಇಷ್ಟು ಎಂದು ದುಡ್ಡು. ಆಫರ್‌ನಲ್ಲಿ ಕೊಂಡ ಲ್ಯಾಪ್‌ಟಾಪಿನ ಪರದೆ 144 ಹರ್ಟ್ಜ್‌ನದು, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದು. ಪಕ್ಕಕ್ಕೆ ಸೆಕೆಂಡ್ ಹ್ಯಾಂಡ್ ಮಾನಿಟರ್, 60 ಹರ್ಟ್ಜ್‌ನದು. ಒಂದರಲ್ಲಿ ಅನುವಾದ, ಇನ್ನೊಂದರಲ್ಲಿ ಸಿನಿಮಾ. ಎರಡನೆಯದನ್ನು ಸಿಕ್ಕಿಸಿದ ದಿನದಿಂದ ವಿಡಿಯೋ ತಡವರಿಸತೊಡಗುತ್ತದೆ. ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳುತ್ತಾಳೆ: ‘ಅಣ್ಣ, ವಿಡಿಯೋ ಹ್ಯಾಂಗ್ ಆಗ್ತಿದೆ ಕಣೋ, ಏನ್ ಮಾಡ್ಲಿ?’ ಉತ್ತರ ಎರಡೇ ನಿಮಿಷದಲ್ಲಿ ಬರುತ್ತದೆ: ‘ರ್ಯಾಮ್ ಹಾಕ್ಸು.’ ಅಂಗಡಿಯವನೂ ಅದನ್ನೇ ಹೇಳುತ್ತಾನೆ. ರ್ಯಾಮ್ ಹಾಕಿಸಿದರೂ ವಿಡಿಯೋ ತಡವರಿಸುತ್ತದೆ. ಮುಂದಿನ ಸಲಹೆ ಹೊಸ ಲ್ಯಾಪ್‌ಟಾಪು.

ಅಣ್ಣನ ತಪ್ಪೂ ಇಲ್ಲ, ಅಂಗಡಿಯವನದೂ ಪೂರ್ತಿ ತಪ್ಪಲ್ಲ. ಅವರ ಕಿವಿಗೆ ಬಿದ್ದದ್ದು ಒಂದು ಪದ. ಅದರೊಳಗೆ ಕಡೇಪಕ್ಷ ಮೂರು ಕಾಯಿಲೆಗಳಿವೆ.

ಮೊದಲನೆಯದು ನಿಲ್ಲುವುದು. ಚಕ್ರ ತಿರುಗುತ್ತದೆ, ಚಿತ್ರದ ಜತೆ ಶಬ್ದವೂ ನಿಲ್ಲುತ್ತದೆ. ಇದು ಇಂಟರ್ನೆಟ್ಟಿನ ತೊಂದರೆ. ಅದೇ ವಿಡಿಯೋವನ್ನು ಇಳಿಸಿಕೊಂಡು ಹಾರ್ಡ್ ಡಿಸ್ಕಿನಿಂದ ಹಾಕಿದಾಗ ಸರಾಗವಾಗಿ ಓಡಿದರೆ ಅಲ್ಲಿಗೆ ತೀರ್ಮಾನವಾಯಿತು.

ಎರಡನೆಯದು ಹಾರುವುದು. ಶಬ್ದ ನೆಟ್ಟಗೆ ಬರುತ್ತಿರುತ್ತದೆ, ಚಿತ್ರ ಮಾತ್ರ ಮೆಟ್ಟಿಲು ತಪ್ಪಿಸಿ ಇಳಿಯುವ ಹುಡುಗರ ಹಾಗೆ ಹಾರುತ್ತದೆ. ಪ್ಲೇಯರ್‌ಗಳು ಸಾಮಾನ್ಯವಾಗಿ ಶಬ್ದವನ್ನೇ ಗಡಿಯಾರವಾಗಿಟ್ಟುಕೊಳ್ಳುತ್ತವೆ. ಚಿತ್ರವನ್ನು ಬಿಚ್ಚುವುದು ತಡವಾದರೆ ಆ ಫ್ರೇಮುಗಳನ್ನು ಎಸೆದು ಮುಂದೆ ಹೋಗುತ್ತವೆ. ಕಾರಣ ಹಲವು. ಬ್ರೌಸರಿನಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಆಫ್ ಆಗಿರಬಹುದು. ವಿಡಿಯೋ ಎವಿ1 ಎಂಬ ಹೊಸ ಕೋಡೆಕ್‌ನದಾಗಿದ್ದು, ಅದನ್ನು ತಾನೇ ಬಿಚ್ಚುವ ಶಕ್ತಿ ಹಳೆಯ ಗ್ರಾಫಿಕ್ಸ್ ಚಿಪ್‌ಗೆ ಇಲ್ಲದಿರಬಹುದು. ಡೆಸ್ಕ್‌ಟಾಪ್ ಆದರೆ ಒಂದು ಕೇಬಲ್ಲು ಗ್ರಾಫಿಕ್ಸ್ ಕಾರ್ಡಿಗೂ ಇನ್ನೊಂದು ಮದರ್‌ಬೋರ್ಡಿಗೂ ಸಿಕ್ಕಿಕೊಂಡಿರಬಹುದು. ಆಗ ಒಂದು ಚಿಪ್ ಬಿಚ್ಚಿದ ಚಿತ್ರವನ್ನು ಇನ್ನೊಂದಕ್ಕೆ ಸಾಗಿಸುವ ಕೂಲಿ ಕೆಲಸ ಸೇರಿಕೊಳ್ಳುತ್ತದೆ. ಎರಡನೇ ಪರದೆಗೆ ಯುಎಸ್‌ಬಿಯಿಂದ ಎಚ್‌ಡಿಎಂಐ ಮಾಡುವ ಡಾಂಗಲ್ ಹಾಕಿದ್ದರೂ ಹೀಗಾಗಬಹುದು. ಅವುಗಳಲ್ಲಿ ಒಂದು ಬಗೆಯವು ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊರೆಯನ್ನು ಪ್ರೊಸೆಸರ್ ತಲೆಗೇ ಹೊರಿಸುತ್ತವೆ.

ಮೂರನೆಯದೇ ನಿಜವಾದ ಕಿತಾಪತಿ. ಅದನ್ನು ಕುಲುಕು ಎನ್ನಬಹುದು. ಏನೂ ನಿಲ್ಲುವುದಿಲ್ಲ, ಏನೂ ಕಳೆದುಹೋಗುವುದಿಲ್ಲ. ಆದರೆ ಕ್ಯಾಮೆರಾ ಎಡದಿಂದ ಬಲಕ್ಕೆ ಸಾಗಿದಾಗ, ಕೊನೆಯಲ್ಲಿ ಹೆಸರುಗಳು ಮೇಲೇರುವಾಗ, ಗುಂಡಿಬಿದ್ದ ರಸ್ತೆಯ ಬಸ್ಸಿನಂತೆ ಚಿತ್ರ ಒಂದೇ ಲಯದಲ್ಲಿ ಕುಲುಕುತ್ತದೆ. ಇದರ ಹಿಂದಿರುವುದು ಶಾಲೆಯ ಭಾಗಾಕಾರ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಮಾನಿಟರ್ 60. ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸುವುದು ಸಾಧ್ಯವಿಲ್ಲವಾದ್ದರಿಂದ ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಲಾಗುತ್ತದೆ. ಒಂದು 33 ಮಿಲಿಸೆಕೆಂಡ್ ನಿಂತರೆ ಇನ್ನೊಂದು 50. ನಮ್ಮ ಟಿ.ವಿ. ಕಾರ್ಯಕ್ರಮಗಳ 25 ಫ್ರೇಮೂ 60ರೊಳಗೆ ಸಮನಾಗಿ ಹೋಗುವುದಿಲ್ಲ. ಅದೇ 144ರಲ್ಲಿ 24 ಸರಿಯಾಗಿ ಆರು ಸಲ ಹೋಗುತ್ತದೆ. ಹೀಗಾಗಿ ಲ್ಯಾಪ್‌ಟಾಪಿನಲ್ಲಿ ನುಣುಪಾಗಿದ್ದ ಸಿನಿಮಾ ಪಕ್ಕದ ಮಾನಿಟರಿಗೆ ಎಳೆದ ಕೂಡಲೇ ಕುಲುಕುತ್ತದೆ. ಎಷ್ಟು ರ್ಯಾಮ್ ಹಾಕಿದರೂ ಎರಡೂವರೆ ಪೂರ್ಣಾಂಕವಾಗುವುದಿಲ್ಲ.

ಪರದೆಗಳ ವೇಗ ಬೇರೆ ಬೇರೆಯಾದರೆ ಇನ್ನೊಂದು ತಕರಾರೂ ಇದೆ. ವಿಂಡೋಸ್ ಎರಡೂ ಪರದೆಗಳ ಚಿತ್ರವನ್ನು ಒಂದೇ ಕಡೆ ಜೋಡಿಸುತ್ತದೆ. ವಿಂಡೋಸ್ 10ರ 2020ರ ಮೇ ಅಪ್‌ಡೇಟ್‌ಗೆ ಮುಂಚೆ, 60ರ ಪರದೆಯಲ್ಲಿ ಏನಾದರೂ ಓಡುತ್ತಿದ್ದರೆ 144ರದೂ ಮುಗ್ಗರಿಸುವುದು ಮಾಮೂಲಾಗಿತ್ತು. ಲಿನಕ್ಸ್‌ನಲ್ಲಿ ಹಳೆಯ ಎಕ್ಸ್11 ಎರಡನ್ನೂ ಒಂದೇ ದೊಡ್ಡ ಪರದೆ ಎಂದು ಭಾವಿಸುತ್ತದೆ, ವೇಲ್ಯಾಂಡ್ ಪ್ರತಿಯೊಂದನ್ನೂ ಬೇರೆಯಾಗಿ ನೋಡಿಕೊಳ್ಳುತ್ತದೆ. ಈಗಲೂ ಅನುಮಾನ ಬಂದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಹೋಗಿ ಎರಡನ್ನೂ 60ಕ್ಕೆ ಇಟ್ಟು ನೋಡುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಅಲ್ಲಿ 4ಕೆ ಮಾನಿಟರ್ ಮುಂದೆ 30 ಎಂದು ಕಂಡರೆ ಹಳೆಯ ಎಚ್‌ಡಿಎಂಐ 1.4 ಪೋರ್ಟನ್ನೋ ಕೇಬಲ್ಲನ್ನೋ ಹಿಡಿಯಬೇಕು. 4ಕೆಯಲ್ಲಿ ಅದರ ಮಿತಿಯೇ 30. ಆಗ ಮೌಸ್ ಬಾಣವೂ ಎಳೆದೆಳೆದು ಸಾಗುತ್ತದೆ, ಅದೇ ಗುರುತು.

ಕೆಲಸ ಮಾಡಿ ಹೊಟ್ಟೆ ಹೊರೆಯುವವರು ಇದನ್ನೆಲ್ಲ ಯಾಕೆ ಕಲಿಯಬೇಕು, ಕೊಟ್ಟ ದುಡ್ಡಿಗೆ ಯಂತ್ರ ತಾನಾಗಿ ನಡೆಯಬೇಕಲ್ಲವೇ ಎಂದು ಯಾರಾದರೂ ಕೇಳಿದರೆ, ನ್ಯಾಯವಾದ ಪ್ರಶ್ನೆಯೇ. ಎಷ್ಟು ಫ್ರೇಮ್ ಎಸೆಯಲಾಯಿತು, ಯಾವ ಕೋಡೆಕ್ ಓಡುತ್ತಿದೆ ಎಂಬುದೆಲ್ಲ ಕಂಪ್ಯೂಟರಿಗೆ ಗೊತ್ತು. ಯೂಟ್ಯೂಬ್ ಅದನ್ನು ತೋರಿಸುವುದೂ ಹೌದು. ವಿಡಿಯೋದ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಎಂಬ ಸಾಲು ಸಿಗುತ್ತದೆ. ಹೆಸರಿನಲ್ಲೇ ‘ಇದು ನಿಮಗಲ್ಲ’ ಎಂದು ಬರೆದ ಬಾಗಿಲು. ಬಳಸುವವರಿಗೆ ಅತ್ಯಂತ ಉಪಯೋಗಕ್ಕೆ ಬರುವ ಲೆಕ್ಕವನ್ನು ಹುಚ್ಚು ಹಿಡಿದವರ ಹವ್ಯಾಸವೆಂಬಂತೆ ಬಚ್ಚಿಡುವುದು ಒಳ್ಳೆಯ ವಿನ್ಯಾಸವಲ್ಲ. ಆದರೆ ಅದು ಬದಲಾಗುವ ತನಕ ಕಾಯಲು ಸಬ್‌ಟೈಟಲ್ ಮಾಡುವಾಕೆಗೆ ಆಗುವುದಿಲ್ಲ.

ಅವಳಿಗೆ ಇದು ಕಣ್ಣಿನ ಕಿರಿಕಿರಿ ಮಾತ್ರವಲ್ಲ. ದೃಶ್ಯ ಬದಲಾಗುವ ಜಾಗದಲ್ಲೇ ಸಬ್‌ಟೈಟಲ್ ಇಳಿಯಬೇಕು. ಅವಳ ಪರದೆ ನಾಲ್ಕು ಫ್ರೇಮ್ ಎಸೆದರೆ ದೃಶ್ಯ ಬದಲಾದದ್ದು ಅವಳಿಗೆ ತಡವಾಗಿ ಕಾಣುತ್ತದೆ, ಕಂಡಂತೆ ಸಾಲನ್ನು ಮುಂದಕ್ಕೆ ಎಳೆಯುತ್ತಾಳೆ. ಕೆಲಸ ಕೊಟ್ಟವರು ಒಳ್ಳೆಯ ಯಂತ್ರದಲ್ಲಿ ನೋಡಿದಾಗ ಹಿಂದಿನ ದೃಶ್ಯದ ಮಾತು ಮುಂದಿನವರ ಎದೆಯ ಮೇಲೆ ತೂಗುತ್ತಿರುತ್ತದೆ. ಫೈಲು ವಾಪಸು ಬರುತ್ತದೆ, ಜತೆಗೆ ‘ಅಜಾಗರೂಕತೆ’ ಎಂಬ ಷರಾ. ತಿದ್ದುವ ದಿನಕ್ಕೆ ದುಡ್ಡಿಲ್ಲ.

ಯಂತ್ರ ನಿಜವಾಗಿಯೂ ಮುದಿಯಾಗಿರುವ ಸಂದರ್ಭಗಳೂ ಇವೆ. ಆಗ ಹೊಸದು ಕೊಳ್ಳಲೇಬೇಕು. ಅದು ಗೊತ್ತಾಗುವುದೂ ಒಂದೊಂದೇ ಬದಲಾವಣೆ ಮಾಡಿ ನೋಡಿದ ಮೇಲೆ: ಎರಡನೇ ಮಾನಿಟರ್ ಕಿತ್ತು, ಅದೇ ವಿಡಿಯೋವನ್ನು ಬೇರೆ ಪ್ಲೇಯರಿನಲ್ಲಿ ಹಾಕಿ, ಕೇಬಲ್ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಇಷ್ಟಾದ ಮೇಲೆ ಅಣ್ಣನಿಗೆ ಹೋಗುವ ಸಂದೇಶ ಬೇರೆಯೇ ಆಗಿರುತ್ತದೆ: ‘ಶಬ್ದ ಸರಿ ಇದೆ. ಚಿತ್ರ ಹಾರ್ತಿದೆ. ಮಾನಿಟರ್ ಕಿತ್ತರೆ ಹಾರಲ್ಲ.’ ಅವನೂ ಈ ಸಲ ರ್ಯಾಮ್ ಅನ್ನುವುದಿಲ್ಲ, ‘ಕೇಬಲ್ ಯಾವ್ದಕ್ಕೆ ಸಿಕ್ಸಿದೀಯಾ, ಒಂದು ಫೋಟೋ ಕಳ್ಸು’ ಎನ್ನುತ್ತಾನೆ.