ಗುಂಡ್ಲುಪೇಟೆ: ಉಚಿತ ವಿದ್ಯುತ್ತಿಗಿಂತ ಹಗಲು ವಿದ್ಯುತ್ ಮುಖ್ಯ

ಚಾಮರಾಜನಗರ: ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಗುಂಡ್ಲುಪೇಟೆಯಲ್ಲಿ ಅರಿಶಿನ, ಬಾಳೆ, ತರಕಾರಿ ಬೆಳೆಗಾರರಿಗೆ ಕೊಳವೆಬಾವಿಯೇ ಆಧಾರ. ಹಾಗಾಗಿ ಇಲ್ಲಿ ನೀರಿನ ಪ್ರಶ್ನೆ ವಿದ್ಯುತ್ತಿನ ಪ್ರಶ್ನೆಯೂ ಹೌದು.

10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯ ಸರ್ಕಾರ 2008ರಿಂದ ಉಚಿತ ವಿದ್ಯುತ್ ನೀಡುತ್ತಿದೆ. ಆದರೆ ಕಾಡಂಚಿನ ರೈತರನ್ನು ಕಾಡುವುದು ದರವಲ್ಲ, ವೇಳೆ. ತ್ರೀ ಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬಂದರೆ, ಆನೆ, ಹುಲಿ, ಹಂದಿಗಳು ಓಡಾಡುವ ಹೊತ್ತಿನಲ್ಲೇ ನೀರು ಹಾಯಿಸಲು ಹೊಲಕ್ಕೆ ಹೋಗಬೇಕು. ಬಂಡೀಪುರದ ಹೆದ್ದಾರಿಯಲ್ಲಿ ವನ್ಯಜೀವಿಗಳ ಹಿತಕ್ಕಾಗಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ವಾಹನ ಸಂಚಾರ ನಿರ್ಬಂಧ ಜಾರಿಗೆ ಬಂದದ್ದು 2009ರಲ್ಲಿ. ಇರುಳು ಪ್ರಾಣಿಗಳದ್ದೆಂದು ಒಪ್ಪಿಕೊಂಡ ಆಡಳಿತವೇ ಅದೇ ಇರುಳಿನಲ್ಲಿ ರೈತನನ್ನು ಹೊಲಕ್ಕೆ ಕಳುಹಿಸುವುದು ವಿಪರ್ಯಾಸ.

ಕ್ಷೇತ್ರವು 2017ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸನ್ನು, 2018ರಲ್ಲಿ ಬಿಜೆಪಿಯನ್ನು, 2023ರಲ್ಲಿ ಮತ್ತೆ ಕಾಂಗ್ರೆಸ್ಸನ್ನು ಆರಿಸಿತು. ಉಚಿತ ವಿದ್ಯುತ್ತನ್ನು ಯಾವ ಪಕ್ಷವೂ ಕೈಬಿಡಲಾರದು. ಅದು ಮತದ ಲೆಕ್ಕ. ಪೂರೈಕೆಯ ವೇಳೆಗೆ ಅಂಥ ಮಹತ್ವ ಸಿಕ್ಕಿಲ್ಲ.

ಕೃಷಿ ಫೀಡರ್‌ಗಳನ್ನು ಸೌರಶಕ್ತಿಗೆ ಜೋಡಿಸುವ ಕುಸುಮ್ ಯೋಜನೆ ಹಗಲು ವಿದ್ಯುತ್ ಒದಗಿಸಬಲ್ಲ ದಾರಿ. ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ಅದರಲ್ಲಿ ಕಾಡಂಚಿನ ಫೀಡರ್‌ಗಳಿಗೆ ಆದ್ಯತೆ ನೀಡಬೇಕು. ಪರಿಹಾರಧನ ಸಾವಿನ ನಂತರ ಬರುತ್ತದೆ. ಹಗಲು ವಿದ್ಯುತ್ ಸಾವನ್ನೇ ತಪ್ಪಿಸಬಹುದು.