ಎಕ್ಸ್ ಅನ್ನು ಹೊಡೆದುಹಾಕುವ ಮುನ್ನ

ಇವತ್ತು ನಮ್ಮದೊಂದು ಅಭಿಪ್ರಾಯ. ವರ್ಗ ಸಮೀಕರಣವನ್ನು ಅಪವರ್ತಿಸಿ ಬಿಡಿಸುವುದನ್ನು ಮಕ್ಕಳಿಗೆ ಕಲಿಸಲೇಬೇಕು. ಆದರೆ ಈಗ ಕಲಿಸುವ ಹಾಗಲ್ಲ.

ಈಗ ಹೇಗೆ ಕಲಿಸ್ತಾರೆ? "ಗುಣಿಸಿದರೆ 6, ಕೂಡಿದರೆ 5 ಬರುವ ಎರಡು ಸಂಖ್ಯೆ ಹುಡುಕು." 2 ಮತ್ತು 3 ಸಿಕ್ಕ ಕೂಡಲೇ ಲೆಕ್ಕ ಮುಗೀತು. ಇದನ್ನು ನೋಡಿ ಹಲವರು ಕೇಳ್ತಾರೆ: ಸೂತ್ರ ಎಲ್ಲ ವರ್ಗ ಸಮೀಕರಣಕ್ಕೂ ನಡೆಯುತ್ತೆ, ಫೋನ್ ಕ್ಷಣದಲ್ಲಿ ಉತ್ತರ ಕೊಡುತ್ತೆ, ಮತ್ತೆ ಅಪವರ್ತನ ಯಾಕೆ? ಅದು ಬರೀ ಸಂಖ್ಯೆ ಹುಡುಕುವ ಆಟ ಆಗಿದ್ದರೆ ಅವರ ಮಾತು ಸರಿಯೇ.

ಅದರ ತಿರುಳು ಬೇರೆ. ಎರಡು ಸಂಖ್ಯೆಗಳ ಗುಣಲಬ್ಧ 6 ಅಂದರೆ ಅವು ಯಾವುವು ಅಂತ ಹೇಳಕ್ಕಾಗಲ್ಲ. ಗುಣಲಬ್ಧ ಸೊನ್ನೆ ಅಂದರೆ ಮಾತ್ರ ಎರಡರಲ್ಲಿ ಒಂದಾದರೂ ಸೊನ್ನೆ ಆಗಿರಲೇಬೇಕು. ಎಲ್ಲ ಪದಗಳನ್ನೂ ಒಂದೇ ಕಡೆಗೆ ತರುವುದು ಅದಕ್ಕೇ.

ಜೀವವಿಜ್ಞಾನದ ಸಂಶೋಧನೆಯಲ್ಲಿರುವ ನಮಗೆ ಇದು ಬಹಳ ಮುಖ್ಯ. ಒಂದು ಕೆರೆಯಲ್ಲಿ ಎಕ್ಸ್ ಸಾವಿರ ಮೀನು ಇವೆ ಅಂದುಕೊಳ್ಳಿ. ವರ್ಷಕ್ಕೆ 5 ಎಕ್ಸ್ ಸಾವಿರ ಮರಿಗಳು ಸೇರುತ್ತವೆ. ಇಕ್ಕಟ್ಟಿನಿಂದ, ಆಹಾರ ಸಾಲದೆ ಎಕ್ಸ್ ವರ್ಗ ಸಾವಿರ ಮೀನು ಸಾಯುತ್ತವೆ. ಸಂಖ್ಯೆ ಸ್ಥಿರವಾಗಿರಬೇಕಾದರೆ ಎರಡೂ ಸಮ ಇರಬೇಕು: ಎಕ್ಸ್ ವರ್ಗ ಸಮ 5 ಎಕ್ಸ್. ಅವಸರದಲ್ಲಿ ಎರಡೂ ಕಡೆ ಎಕ್ಸ್ ಹೊಡೆದುಹಾಕಿದರೆ ಉತ್ತರ 5, ಅಷ್ಟೇ. ಅಪವರ್ತಿಸಿದರೆ ಎಕ್ಸ್ ಇಂಟು, ಆವರಣದಲ್ಲಿ ಎಕ್ಸ್ ಮೈನಸ್ 5, ಸಮ ಸೊನ್ನೆ. ಉತ್ತರ ಎರಡು: 5 ಮತ್ತು 0. ಆ ಸೊನ್ನೆ ಅಂದ್ರೆ ಮೀನೇ ಇಲ್ಲದ ಕೆರೆ. ತಾಯಿಮೀನಿಲ್ಲದೆ ಮರಿ ಎಲ್ಲಿಂದ ಬರಬೇಕು? ಹೊಡೆದುಹಾಕಿದ ಎಕ್ಸ್ ಜೊತೆಗೆ ಸಂತತಿ ಅಳಿಯುವ ಸಾಧ್ಯತೆಯೂ ಲೆಕ್ಕದಿಂದ ಹೊರಗೆ ಹೋಯ್ತು.

ಈಗ ಬಲೆ ಬೀಸೋಣ. ವರ್ಷಕ್ಕೆ 2 ಎಕ್ಸ್ ಸಾವಿರ ಹಿಡಿದರೆ ಅಪವರ್ತನಗಳು ಎಕ್ಸ್ ಮತ್ತು ಎಕ್ಸ್ ಮೈನಸ್ 3. ಕೆರೆ 3 ಸಾವಿರದಲ್ಲಿ ನಿಲ್ಲುತ್ತೆ. 5 ಎಕ್ಸ್ ಹಿಡಿದರೆ ಎರಡೂ ಅಪವರ್ತನ ಎಕ್ಸ್ ಆಗಿ, ಉಳಿಯೋದು ಸೊನ್ನೆ ಒಂದೇ. ಸೂತ್ರವೂ ಇದೇ ಉತ್ತರ ಕೊಡುತ್ತೆ, ನಿಜ. ಆದರೆ ಬಲೆ ಬಿದ್ದಾಗ ಯಾವ ಉತ್ತರ ಕುಸಿಯುತ್ತೆ, ಯಾವುದು ಕದಲದೆ ಕೂತಿರುತ್ತೆ ಅನ್ನೋದು ಅಪವರ್ತನದಲ್ಲಿ ಕಣ್ಣಿಗೇ ಕಾಣುತ್ತೆ.

ಇದು ಬರೀ ಕಾಗದದ ಕೆರೆಯ ಕಥೆಯಲ್ಲ. ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಕಾಡ್ ಮೀನಿನ ಸಂತತಿ ಕುಸಿದು, 1992ರಲ್ಲಿ ಕೆನಡಾ ಸರ್ಕಾರ ಅಲ್ಲಿ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯ್ತು. ಸಾವಿರಾರು ಕುಟುಂಬಗಳ ಜೀವನೋಪಾಯ ಹೋಯ್ತು. ಸಮುದ್ರದ ಲೆಕ್ಕ ನಮ್ಮ ಕೆರೆಯ ಲೆಕ್ಕಕ್ಕಿಂತ ಎಷ್ಟೋ ಜಟಿಲ. ಆದರೆ ಸೊನ್ನೆಯೂ ಒಂದು ಉತ್ತರ ಅನ್ನೋ ಪಾಠ ಎರಡಕ್ಕೂ ಒಂದೇ.

ಹಾಗಾಗಿ ಪೋಷಕರಲ್ಲಿ, ಶಿಕ್ಷಕರಲ್ಲಿ ನಮ್ಮ ಕೋರಿಕೆ ಇಷ್ಟೇ. "ಎರಡು ಸಂಖ್ಯೆ ಸಿಕ್ತಾ?" ಅಂತ ಕೇಳಿ ನಿಲ್ಲಿಸಬೇಡಿ. "ಪ್ರತಿ ಅಪವರ್ತನ ಯಾವಾಗ ಸೊನ್ನೆ ಆಗುತ್ತೆ? ಆಗ ಏನಾಗುತ್ತೆ?" ಅಂತಲೂ ಕೇಳಿ.